ಸೂಸೈ ಅತ್ತೆಯ ಕಿವಿ

ಪಾಂಬನ್ ಕಡೆಯ ಆ ದೋಣಿಯಲ್ಲಿ ಕಡಲಪಾಚಿ ಕೀಳಲು ಹೋಗುತ್ತಿದ್ದ ಹೆಂಗಸರಲ್ಲಿ ಒಬ್ಬೊಬ್ಬಳಿಗೂ ತನ್ನದೇ ಒಂದು ಕೂಗಿತ್ತು. ಮುತ್ತುರಾಕುವಿನದು ಮೊಟ್ಟೆಯಿಟ್ಟ ಕೋಳಿಯ ಕೂಗು. ಪಾಂಡಿಯಮ್ಮನದು "ಬಂದೆ ಬಂದೆ ಬಂದೇ". ಬಾಗಿಲು ಬಡಿದವರಿಗೆ ಒಲೆಯ ಮುಂದಿನಿಂದಲೇ ಹೇಳಿದ ಹಾಗೆ. ಒಬ್ಬಳು ನಾಲಿಗೆ ಮಡಚಿ ಸೀಟಿ ಹಾಕುತ್ತಿದ್ದಳು. ಇನ್ನೊಬ್ಬಳು ಎಂದೋ ತೀರಿಕೊಂಡ ತಾಯಿಯನ್ನು ಕರೆಯುತ್ತಿದ್ದಳು. ಹವಳದ ಬಂಡೆಗಳ ನಡುವೆ ಅಲ್ಲೊಬ್ಬಳು ಇಲ್ಲೊಬ್ಬಳು ಮುಳುಗಿ ಏಳುತ್ತಿರುವಾಗ, ದೋಣಿಯ ಮೂತಿಯ ಹಲಗೆಯ ಮೇಲೆ ಕೂತ ಸೂಸೈಯಮ್ಮ ಆಗಾಗ "ಏಲೇಏ" ಎಂದು ನೀಳವಾಗಿ ಕರೆಯುವಳು. ನೀರಿನಿಂದ ತಲೆ ಎತ್ತಿದವಳು ಎತ್ತಿದ ಕೂಡಲೇ ತನ್ನ ಕೂಗು ಕೊಡಬೇಕು. ಎಲ್ಲ ಕೂಗುಗಳೂ ಬಂದ ಮೇಲೆ ಸೂಸೈಯಮ್ಮ "ಆಯ್ತು" ಅನ್ನುವಳು. ಆಮೇಲೆಯೇ ಎಲ್ಲರೂ ಮತ್ತೆ ಮುಳುಗುವುದು. ಒಂದು ಕೂಗು ಬಾರದಿದ್ದರೂ ಉಳಿದವರೆಲ್ಲ ಚೀಲ ಬಿಟ್ಟು ಹುಡುಕಲು ಹೊರಡಬೇಕು.

ಇನ್ನೊಬ್ಬಳ ಕೂಗನ್ನು ಯಾರೂ ಕೂಗಕೂಡದು. ತಮಾಷೆಗೂ ಕೂಗಕೂಡದು. ಬಹಳ ಹಿಂದೆ ಒಬ್ಬಳು, ದೂರದ ಬಂಡೆಯ ಹತ್ತಿರ ಒಳ್ಳೆಯ ಪಾಚಿ ಸಿಕ್ಕಿದ ಗೆಳತಿ ಇನ್ನೆರಡು ಹಿಡಿ ಕಿತ್ತುಕೊಳ್ಳಲಿ ಪಾಪ ಎಂದು, ತನ್ನ ಕೂಗಿನ ಹಿಂದೆಯೇ ಅವಳ ಕೂಗನ್ನೂ ಕೂಗಿಬಿಟ್ಟಿದ್ದಳು. ಆ ಗೆಳತಿ ಅದಾಗಲೇ ನೀರಿನಡಿಯಲ್ಲಿ ಉಸಿರು ಬಿಟ್ಟಿದ್ದಳು. ಸೂಸೈಯಮ್ಮ ಹಲಗೆಯ ಮೇಲೆ ಕೂತದ್ದು ಅದಾದ ಮೇಲೆ. ಕೂತ ದಿನವೇ ಆಕೆ ಹೇಳಿದ ಮಾತನ್ನು ಊರ ಹೆಂಗಸರು ಈಗಲೂ ಅವಳ ದನಿಯಲ್ಲೇ ಹೇಳಿ ತೋರಿಸುತ್ತಾರೆ: "ಪ್ರೀತಿ ಇದ್ರೆ ಗಂಜಿ ಕೊಡಿ. ಕೂಗು ಕೊಡ್ಬೇಡಿ."

ಸೂಸೈಯಮ್ಮನ ತಮ್ಮನ ಮಗಳು ಅಮಲಿಗೆ ಮಾತ್ರ ಇನ್ನೂ ಕೂಗು ಹುಟ್ಟಿರಲಿಲ್ಲ.

ಅವಳು ರಾಮನಾಥಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದವಳು. ಮನೆಯಲ್ಲಿ ಯಾರು ಏನು ಹೇಳಿದರೂ "ಸರಿ" ಅನ್ನುವುದು ಅವಳ ಅಭ್ಯಾಸ. ಚರಿತ್ರೆ ಓದು ಎಂದು ಅಪ್ಪ ಹೇಳಿದಾಗ ಸರಿ. ಮುಂದೆ ಮಧುರೈಗೆ ಹೋಗಿ ಟೀಚರ್ ಟ್ರೇನಿಂಗ್ ಮಾಡು ಅಂದಾಗಲೂ ಸರಿ. ಅಲ್ಲಿಯವರೆಗೆ ಸುಮ್ಮನೆ ಯಾಕೆ ಕೂರುತ್ತೀ, ನನ್ನ ಜೊತೆ ದೋಣಿಗೆ ಬಾ ಎಂದು ಅತ್ತೆ ಕರೆದಾಗಲೂ ಸರಿ. ಆದರೆ ಈ ಕೊನೆಯ ಸರಿಯನ್ನು ಹೇಳುವಾಗ ಮಾತ್ರ ಅವಳ ಎದೆಯೊಳಗೆ ಏನೋ ಕುಣಿದಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ಅತ್ತೆಯನ್ನು ಅವಳು ನೋಡುತ್ತ ಬೆಳೆದದ್ದೇ ಹಾಗೆ, ದೂರದಿಂದ, ಬಾಗಿಲ ಸಂದಿಯಿಂದ. ಗಂಡನ ಮನೆಯಿಂದ ಒಂದು ಸೀರೆ, ಒಂದು ಅಲ್ಯೂಮಿನಿಯಂ ಪಾತ್ರೆ ಹಿಡಿದು ನಡೆದು ಬಂದವಳು ಅತ್ತೆ. ಯಾಕೆ ಬಂದೆ ಎಂದು ಕೇಳಿದವರಿಗೆ "ಕಾಲಿತ್ತು, ಬಂದೆ" ಅಂದಳಂತೆ. ತಮ್ಮನ ಮನೆಯಲ್ಲಿ ಕೂತು ಉಣ್ಣದೆ ಮಾರನೆಯ ದಿನವೇ ಕಡಲಿಗೆ ಇಳಿದಳು. ಹಿಂದೊಮ್ಮೆ ದೋಣಿಯವನು ಹೆಂಗಸರನ್ನು ನೀರಲ್ಲಿ ಬಿಟ್ಟು ಬಲೆ ನೋಡಿಬರಲು ಹೋಗಿ, ಬಿಸಿಲು ನೆತ್ತಿಗೇರಿದ ಮೇಲೆ ವಾಪಸು ಬಂದಿದ್ದ. ಮರುದಿನ ಬೆಳಿಗ್ಗೆ ಸೂಸೈಯಮ್ಮ ಎಲ್ಲರನ್ನೂ ಮರಳಿನ ಮೇಲೆ ಕೂರಿಸಿದಳು. ದೋಣಿ ನೀರಲ್ಲಿ, ಹೆಂಗಸರು ದಡದಲ್ಲಿ. ಜಗಳವಿಲ್ಲ, ಬೈಗುಳವಿಲ್ಲ. ತಂದ ಗಂಜಿಯನ್ನು ಅಲ್ಲೇ ಉಂಡು, ಒಬ್ಬರ ತಲೆಯಲ್ಲಿ ಇನ್ನೊಬ್ಬರು ಹೇನು ನೋಡುತ್ತ ಕೂತರು. ಇಂಜಿನ್ನು ಹೆಂಗಸರ ಮಾತಿಗೆ ತಿರುಗಬೇಕು ಎಂದು ದೋಣಿಯವನು ಒಪ್ಪಿದ ಮೇಲೆಯೇ ಎದ್ದರು. ಆ ದೋಣಿಯವನ ಹೆಸರು ಅಂದೋಣಿ. ಈಗ ಮುದುಕನಾಗಿದ್ದಾನೆ, ಸೂಸೈಯಮ್ಮನ ಮಾತಿಲ್ಲದೆ ಹಗ್ಗ ಬಿಚ್ಚುವುದಿಲ್ಲ.

ಮೊದಲ ದಿನ ಪಾಂಡಿಯಮ್ಮ ಅಮಲಿಗೆ ಎಲ್ಲವನ್ನೂ ಹೇಳಿಕೊಟ್ಟಳು. ಸೀರೆಯ ಮೇಲೆ ಗಂಡಸರ ಅಂಗಿ ಹಾಕಿ ಗುಂಡಿ ಬಿಗಿಯುವುದು, ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತುವುದು, ಸೊಂಟಕ್ಕೆ ಬಲೆಚೀಲ ಕಟ್ಟುವುದು, ಪಾಚಿಯನ್ನು ಬೇರು ಬಿಟ್ಟು ಕೀಳುವುದು.

"ಆಮೇಲೆ ಕೂಗು. ಕೂಗೋವಾಗ ಕೈ ಎತ್ಬೇಕು, ನೋಡು, ಹಿಂಗೆ, ಪೂರ್ತಿ."

"ಯಾಕಕ್ಕಾ ಕೈ?"

ಪಾಂಡಿಯಮ್ಮ ಒಂದು ಕ್ಷಣ ದೋಣಿಯ ಮೂತಿಯ ಕಡೆ ನೋಡಿ, "ಪದ್ಧತಿ ಕಣೇ. ಬಿ.ಎ. ಓದಿದ್ರೆ ಎಲ್ಲಾದಕ್ಕೂ ಯಾಕೆ ಅನ್ಬೇಕಾ?" ಅಂದಳು.

ಅಮಲಿ ಕೈ ಎತ್ತಿದಳು. ಕೂಗಲು ಬಾಯಿ ತೆರೆದರೆ ಬಂದದ್ದು ಬರೀ "ಹ್ಞೂಂ".

ಮುತ್ತುರಾಕು ನೀರಲ್ಲೇ ನಕ್ಕು ಉಪ್ಪುನೀರು ಕುಡಿದಳು. "ಅಯ್ಯೋ ನನ್ ತಾಯೀ! ಹೆಣ್ಣು ನೋಡೋಕೆ ಬಂದೋರ ಮುಂದೆ ಅಂದಂಗೆ ಅಂತಾಳಲ್ಲೇ! ಮೀನು ಬಂದು ತಾಂಬೂಲ ತಗೊಂಡು ಹೋಗ್ತವೆ ನೋಡು!"

"ಬಿಡೇ ಅವಳನ್ನ," ಎಂದು ಹಲಗೆಯಿಂದ ಸೂಸೈಯಮ್ಮ ಕೂಗಿದಳು. ಹೆಂಗಸರು ನಕ್ಕದ್ದನ್ನು ಅವಳು ನೋಡಿದ್ದಳು. "ಕೂಗು ಹೇಳಿಕೊಟ್ರೆ ಬರಲ್ಲ. ಹೊಟ್ಟೆಯಲ್ಲಿ ಇರೋದು ತಾನಾಗೇ ಬರ್ಲಿ. ಅಲ್ಲೀವರ್ಗೂ ಹ್ಞೂಂ ಅಂತಾನೇ ಕೂಗ್ಲಿ."

ಹೀಗೆ ಅಮಲಿಯ ಹ್ಞೂಂ ಆ ದೋಣಿಯ ಲೆಕ್ಕದಲ್ಲಿ ಸೇರಿತು. ಅವಳು ಬಾಯಿ ಬಿಡದಿದ್ದರೂ ಕಿವಿ ಬಿಚ್ಚಿಕೊಂಡೇ ಇತ್ತು. ಕೆಲವೇ ದಿನಗಳಲ್ಲಿ ಯಾರ ಕೂಗು ಯಾವ ಹೊತ್ತಿಗೆ ಹೇಗಿರುತ್ತದೆ ಎಂಬುದೂ ಅವಳಿಗೆ ತಿಳಿಯತೊಡಗಿತು. ರಾತ್ರಿ ಗಂಡನ ಜೊತೆ ಜಗಳವಾಗಿದ್ದರೆ ಮುತ್ತುರಾಕುವಿನ ಕೋಳಿ ಸ್ವಲ್ಪ ತಡವಾಗಿ ಮೊಟ್ಟೆಯಿಡುತ್ತಿತ್ತು. ದಣಿದಾಗ ಪಾಂಡಿಯಮ್ಮ ಮೂರು ಬಂದೆಯಲ್ಲಿ ಒಂದನ್ನು ನುಂಗುತ್ತಿದ್ದಳು.

ಅತ್ತೆಯ ಸಂಗತಿ ತಿಳಿದದ್ದು ದಡದಲ್ಲಿ, ಪಾಚಿಗೆ ರಜೆಯಿದ್ದ ಒಂದು ದಿನ. ಕಿತ್ತ ಪಾಚಿ ಮತ್ತೆ ಚಿಗುರಲಿ ಎಂದು ತಿಂಗಳಲ್ಲಿ ಒಂದಷ್ಟು ದಿನ ನೀರಿಗಿಳಿಯಬಾರದು ಎಂಬುದೂ ಸೂಸೈಯಮ್ಮನ ಕಾಲದಲ್ಲೇ ಹೆಂಗಸರು ತಮ್ಮೊಳಗೆ ಮಾಡಿಕೊಂಡ ಕಟ್ಟು. ಅತ್ತೆ ಚಪ್ಪರದ ನೆರಳಲ್ಲಿ, ಚರ್ಚಿಗೆ ಬೆನ್ನು ಹಾಕಿ, ಹರಿದ ಬಲೆಚೀಲ ಹೆಣೆಯುತ್ತ ಕೂತಿದ್ದಳು. ಅಮಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಆಗ ಸಾವಿನ ಗಂಟೆ ಹೊಡೆಯಿತು. ಒಂದು ಏಟು, ಬಿಡುವು, ಮತ್ತೆ ಒಂದು ಏಟು. ಬೀದಿಯಲ್ಲಿದ್ದವರು ನಿಂತರು. ನೀರು ಹೊತ್ತು ಬರುತ್ತಿದ್ದವಳು ಕೊಡ ಇಳಿಸಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಎಳೆದುಕೊಂಡಳು. ಅಮಲಿಯೂ ಎಳೆದುಕೊಂಡಳು. ಅತ್ತೆ ಮಾತ್ರ ಹೆಣೆಯುತ್ತಲೇ ಇದ್ದಳು, ಹಾಡೊಂದನ್ನು ಗುನುಗುತ್ತ. ದಾರಿಯಲ್ಲಿ ಹೆಣ ಕಂಡರೆ ಯಾವ ಧರ್ಮದ್ದಾದರೂ ನಿಂತು ಕೈ ಮುಗಿಯುವ ಅತ್ತೆ.

ಅಮಲಿ ಹಿಂದಿನಿಂದ ಮೆಲ್ಲಗೆ ಕರೆದಳು. "ಅತ್ತೆ." ಇನ್ನೊಮ್ಮೆ ಕರೆದಳು. ಅತ್ತೆಯ ಕೈಯಲ್ಲಿ ದಾರ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅಮಲಿಯ ನೆರಳು ಬಲೆಯ ಮೇಲೆ ಬಿದ್ದಾಗ ತಲೆ ಎತ್ತಿ, "ಬಂದ್ಯಾ? ಮೀನು ಒಣಗ್ತಾ?" ಎಂದು ಕೇಳಿದಳು. ಕೇಳುವಾಗ ಅವಳ ಕಣ್ಣು ಅಮಲಿಯ ತುಟಿಯ ಮೇಲಿತ್ತು.

ಆಮೇಲೆ ಎಲ್ಲವೂ ಕಂಡಿತು. ಯಾರಾದರೂ ಹಿಂದಿನಿಂದ ಮಾತಾಡಿಸಿದರೆ ಅತ್ತೆ ಗಡಿಬಿಡಿಯಿದ್ದವಳಂತೆ ನಡೆದುಬಿಡುತ್ತಿದ್ದಳು. ಇಬ್ಬರು ಒಟ್ಟಿಗೆ ಮಾತಾಡಿದರೆ ನಗುತ್ತಿದ್ದಳು. ದೋಣಿಯಲ್ಲಿ "ಏಲೇಏ" ಎಂದ ಮೇಲೆ ಅವಳ ಕಣ್ಣು ನೀರಿನ ಮೇಲೆ ಗಿಡುಗನ ಹಾಗೆ ತಿರುಗುತ್ತಿತ್ತು. ಒಂದೊಂದು ಕೈ ಎದ್ದಾಗ, ಎಣಿಸುವ ಹಾಗೆ, ಒಂದೊಂದು ಸಲ ಗದ್ದ ಆಡುತ್ತಿತ್ತು. ವರ್ಷಗಟ್ಟಲೆ ಆಳಕ್ಕೆ ಇಳಿದವರ ಕಿವಿಯನ್ನು ನೀರು ತಿನ್ನುತ್ತದೆ. ಊರಲ್ಲಿ ಎಷ್ಟೋ ಮುದುಕಿಯರು ಕಿವುಡರು. ಆದರೆ ಅವರಾರೂ ಹಲಗೆಯ ಮೇಲೆ ಕೂರುತ್ತಿರಲಿಲ್ಲ.

ಅಮಲಿ ಹೇಳಬೇಕೆಂದುಕೊಂಡಳು. ಬೆಳಿಗ್ಗೆ ಗಂಜಿಗೆ ಮಜ್ಜಿಗೆ ಹಾಕುವಾಗ ಹೇಳೋಣ, ಬೆರಳಿಗೆ ಬಟ್ಟೆ ಸುತ್ತುವಾಗ ಹೇಳೋಣ. ಗಂಜಿ ಮುಗಿಯುತ್ತಿತ್ತು, ಬಟ್ಟೆ ಸುತ್ತಿ ಮುಗಿಯುತ್ತಿತ್ತು. ಆ ಹಲಗೆ ಅತ್ತೆಗೆ ಬರಿಯ ಹಲಗೆಯಾಗಿರಲಿಲ್ಲ. ಅಪ್ಪನೂ ಚರ್ಚಿನವರೂ ದೋಣಿಯವರೂ ಅವಳ ಎದುರು ದನಿ ತಗ್ಗಿಸುತ್ತಿದ್ದದ್ದು ಅದರ ಮೇಲೆ ಕೂತವಳೆಂದು. ಅದನ್ನು ಕಿತ್ತುಕೊಳ್ಳುವ ಮಾತು ತನ್ನ ಬಾಯಿಂದ, ಇಷ್ಟು ವರ್ಷ ಸರಿ ಅಂದ ಬಾಯಿಂದ, ಹೇಗೆ ಬಂದೀತು? ಹೇಳದಿದ್ದರೆ ಒಂದು ದಿನ ಯಾರದೋ ಕೂಗು ಬಾರದೆ ಹೋಗುತ್ತದೆ, ಅತ್ತೆ ಆಯ್ತು ಅನ್ನುತ್ತಾಳೆ. ಅದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ದೋಣಿ ಹತ್ತಿದಳು. ಪ್ರತಿಸಲವೂ ಎಲ್ಲ ಕೂಗುಗಳನ್ನೂ ತನ್ನೊಳಗೆ ತಾನೇ ಎಣಿಸಿಕೊಂಡಳು.

ಆ ದಿನ ತೆಂಕಣ ಗಾಳಿ ಬೇಗ ಎದ್ದಿತು. ನೀರು ಒಡೆದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಣ್ಣು ಬಿಡಲಾಗದಷ್ಟು. ಪಾಂಡಿಯಮ್ಮ, ಸೊಂಟದಿಂದ ಕಳಚಿಟ್ಟರೂ ತನ್ನ ಚೀಲದ ಗುರುತು ಸಿಗಲೆಂದು, ಥರ್ಮೋಕೋಲಿನ ತುಂಡಿಗೆ ಹಳದಿ ಬಟ್ಟೆ ಸುತ್ತಿ ಚೀಲದ ಹಗ್ಗಕ್ಕೆ ಕಟ್ಟಿದ್ದಳು. ಅಲೆಯ ಮೇಲೆ ಅದು ಎದ್ದು ಬಿದ್ದು ಮಾಡುತ್ತಿತ್ತು.

"ಏಲೇಏ!"

ಕೋಳಿ ಕೂಗಿತು. ಸೀಟಿ ಬಂತು. ಯಾರೋ ಅಮ್ಮನನ್ನು ಕರೆದರು. ಅಮಲಿ ಕೈ ಎತ್ತಿ ಹ್ಞೂಂ ಅಂದಳು. ಒಂದೊಂದಾಗಿ ಬಂದವು. ಅವಳು ಮೂರು ಬಂದೆಗಾಗಿ ಕಾದಳು.

ಬರಲಿಲ್ಲ.

ಹಲಗೆಯ ಮೇಲೆ ಅತ್ತೆ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಹಳದಿಯ ಕಡೆ ನೋಡಿದಳು. ಅಲೆಯೊಂದು ಅದನ್ನು ಮೇಲಕ್ಕೆ ಎತ್ತಿತು. ಅತ್ತೆಯ ಗದ್ದ ಆಡಿತು.

"ಆಯ್ತು!"

ಹೆಂಗಸರು ಮುಳುಗಲು ಉಸಿರೆಳೆದುಕೊಂಡರು. ಆಗ ಅಮಲಿಯ ಹೊಟ್ಟೆಯ ತಳದಿಂದ ಏನೋ ಹರಿದುಕೊಂಡು ಬಂತು.

"ಅತ್ತೇಏಏ!"

ದೋಣಿಯ ಹಿಂದೆ ಕೂತು ಬೀಡಿ ಹಚ್ಚುತ್ತಿದ್ದ ಅಂದೋಣಿಯ ಕೈಯಿಂದ ಬೆಂಕಿಪೊಟ್ಟಣ ಬಿತ್ತು. ನೀರಲ್ಲಿದ್ದವರೆಲ್ಲ ತಿರುಗಿದರು. ತಿರುಗದವಳು ಅತ್ತೆ ಒಬ್ಬಳೇ. ಅವಳು ಇನ್ನೂ ಹಳದಿ ಬಟ್ಟೆಯನ್ನೇ ನೋಡುತ್ತಿದ್ದಳು.

"ಪಾಂಡಿಯಕ್ಕ ಕೂಗಿಲ್ಲ! ಅದು ಬಟ್ಟೆ, ಕೈ ಅಲ್ಲ! ಪಾಂಡಿಯಕ್ಕ ಕೂಗಿಲ್ಲ!" ಎನ್ನುತ್ತಲೇ ಅಮಲಿ ಚೀಲ ಕಳಚಿ ಆ ಕಡೆ ಈಜಿದಳು. ಅವಳಿಗಿಂತ ಮೊದಲೇ ಮುತ್ತುರಾಕು ಮುಳುಗಿದ್ದಳು.

ಕೆಳಗೆ, ಬಂಡೆಯ ಸೀಳಿನಲ್ಲಿ, ಪಾಂಡಿಯಮ್ಮನ ಸೊಂಟದ ಹಗ್ಗ ಹವಳಕ್ಕೆ ಸುತ್ತಿಕೊಂಡಿತ್ತು. ಅವಳು ಎಳೆದಷ್ಟೂ ಅದು ಬಿಗಿಯುತ್ತಿತ್ತು. ಮುತ್ತುರಾಕು ಸೊಂಟದ ಚಾಕು ತೆಗೆದು ಹಗ್ಗ ಕೊಯ್ದಳು. ಅಮಲಿ ಪಾಂಡಿಯಮ್ಮನ ಅಂಗಿಯ ಕೊರಳಪಟ್ಟಿ ಹಿಡಿದು ಮೇಲಕ್ಕೆ ಎಳೆದಳು. ಮೂರು ತಲೆಗಳೂ ಒಟ್ಟಿಗೆ ಗಾಳಿಗೆ ಬಂದವು.

ದೋಣಿಯಲ್ಲಿ ಮಲಗಿಸಿ ಬೆನ್ನು ಗುದ್ದಿದ ಮೇಲೆ ಪಾಂಡಿಯಮ್ಮ ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಕಣ್ಣು ಬಿಟ್ಟಳು. ಮುತ್ತುರಾಕು ಅವಳ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ಅದೇ ಕೆನ್ನೆಗೆ ತನ್ನ ಕೆನ್ನೆ ಒತ್ತಿದಳು.

"ಸತ್ತಿದ್ರೆ ಏನ್ಮಾಡ್ತಿದ್ಯೇ ಮುಂಡೇದೇ?"

"ನಿನ್ ಕೋಳಿ ಕೂಗು ಕೇಳೋದು ತಪ್ತಿತ್ತು," ಎಂದು ಪಾಂಡಿಯಮ್ಮ ಪಿಸುಗುಟ್ಟಿದಳು. ಒಬ್ಬಿಬ್ಬರು ಅಳುತ್ತಲೇ ನಕ್ಕರು.

ಸೂಸೈಯಮ್ಮ ನಗಲಿಲ್ಲ. ಹಲಗೆಯಿಂದ ಇಳಿದು ಪಾಂಡಿಯಮ್ಮನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದಳು. ಅಂದೋಣಿ ಇಂಜಿನ್ನಿಗೆ ಕೈ ಹಾಕಿದಾಗ ಬೇಡವೆಂದು ಸನ್ನೆ ಮಾಡಿದಳು.

"ಅವಳ ಕೂಗು ಬಂದಿತ್ತಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಲೆ ದೋಣಿಯ ಪಕ್ಕೆಗೆ ಹೊಡೆಯುತ್ತಿತ್ತು.

"ನಾನು ಆಯ್ತು ಅಂದೆ. ಅವಳ ಕೂಗು ಬಂದಿತ್ತಾ ಅಂತ ಕೇಳಿದ್ದು. ಅಮಲಿ, ನೀನು ಹೇಳು."

"ಬಂದಿರ್ಲಿಲ್ಲ ಅತ್ತೆ."

ಅತ್ತೆ ಅವಳ ತುಟಿ ನೋಡಿದಳು. "ಗಟ್ಟಿಯಾಗಿ ಹೇಳು."

ಅಮಲಿಗೆ ಜನ್ಮದಲ್ಲಿ ಯಾವ ಮಾತನ್ನಾದರೂ ಕಿವಿಯ ಹತ್ತಿರ ಬಾಗಿ, ಬೇರಾರಿಗೂ ಕೇಳಿಸದಂತೆ ಹೇಳಬೇಕು ಅನ್ನಿಸಿದ್ದರೆ ಅದು ಈ ಮಾತು. ಆದರೆ ಆ ಕಿವಿಗೆ ಮೆಲ್ಲಗೆ ಹೇಳಿದರೆ ಮುಟ್ಟುವುದಿಲ್ಲ. ಅವಳು ಎದ್ದು ನಿಂತು, ದೋಣಿಯ ಅಂಚನ್ನು ಹಿಡಿದು, ಎಲ್ಲರ ಎದುರು ಕೂಗಿಯೇ ಹೇಳಿದಳು.

"ಬಂದಿರ್ಲಿಲ್ಲ! ನಿಂಗೆ ಕಿವಿ ಕೇಳ್ತಿಲ್ಲ ಅತ್ತೆ! ಸಾವಿನ ಗಂಟೆ ಹೊಡೆದ್ರೂ ಕೇಳ್ಲಿಲ್ಲ! ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."

ಹೇಳಿ ಕೂತುಬಿಟ್ಟಳು. ಅತ್ತೆಯ ಮುಖ ನೋಡಲಾಗಲಿಲ್ಲ. ಬೆರಳಿನ ಬಟ್ಟೆ ಬಿಚ್ಚತೊಡಗಿದಳು.

ಮುತ್ತುರಾಕುವೇ ಬಾಯಿ ಬಿಟ್ಟಳು. ಬಾಯಿಗಿಂತ ಹೆಚ್ಚಾಗಿ ಕೈಯಲ್ಲಿ ಹೇಳಿದಳು, ಅತ್ತೆಗೆ ಕಾಣುವ ಹಾಗೆ. "ಹುಡುಗೀನ ಯಾಕೆ ಅಳಿಸ್ತೀಯಕ್ಕಾ. ನಂಗೂ ಗೊತ್ತಿತ್ತು. ಹೋದ ವರ್ಷದಿಂದ."

"ನಂಗೂನು," ಅಂದಳು ಸೀಟಿಯವಳು.

"ಎಲ್ರಿಗೂ ಗೊತ್ತು," ಎಂದು ಪಾಂಡಿಯಮ್ಮ ಮಲಗಿದಲ್ಲಿಂದಲೇ ಅಂದಳು. "ಅದಕ್ಕೇ ಅಲ್ವಾ ಕೈ ಎತ್ತಿದ್ದು."

ಅಮಲಿ ತಲೆ ಎತ್ತಿದಳು. ಕೈ ಎತ್ತುವುದು ಪದ್ಧತಿ ಎಂದು ಪಾಂಡಿಯಮ್ಮ ತನಗೆ ಕಲಿಸಿದ್ದು ನೆನಪಾಯಿತು. ಅಂಥ ಪದ್ಧತಿ ಎಂದೂ ಇರಲಿಲ್ಲ. ಒಬ್ಬಳಿಗೆ ನೋವಾಗದಿರಲಿ ಎಂದು ಇವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಒಂದು ದಿನ ಒಬ್ಬಳು, ಮತ್ತೊಂದು ದಿನ ಇನ್ನೊಬ್ಬಳು, ಸುಮ್ಮನೆ ಕೈ ಎತ್ತತೊಡಗಿದ್ದರು. ತಾನು ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ಗುಟ್ಟನ್ನು ಇಡೀ ದೋಣಿ ಹೊತ್ತಿತ್ತು.

ಸೂಸೈಯಮ್ಮ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. ಬೈಯುತ್ತಾಳೆ ಎಂದು ಎಲ್ಲರೂ ಕುಗ್ಗಿ ಕೂತರು.

"ಒಬ್ಬಳ ಕೂಗು ಇನ್ನೊಬ್ಬಳು ಕೂಗ್ಬಾರ್ದು ಅಂತ ನಾನು ಹೇಳ್ದೆ," ಅಂದಳು. ದನಿ ಗಟ್ಟಿಯಾಗೇ ಇತ್ತು, ತುದಿಯಲ್ಲಿ ಮಾತ್ರ ಸ್ವಲ್ಪ ಸೀಳಿತು. "ನೀವೆಲ್ಲ ಸೇರಿ ನನ್ನ ಕಿವಿಯಾಗಿ ಕೂತ್ರಿ. ನಂಗೂ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಕೈ ಕಾಣ್ತಿದೆಯಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಇವತ್ತು ಬಟ್ಟೇನೂ ಕೈ ಥರಾನೇ ಕಾಣ್ತು."

ಎದ್ದಳು. ಹಲಗೆಯ ಮೇಲಿದ್ದ ತನ್ನ ಮಡಚಿದ ಗೋಣಿಯನ್ನು ತೆಗೆದುಕೊಂಡು ದೋಣಿಯ ನಡುವೆ, ಪಾಚಿಯ ರಾಶಿಯ ಪಕ್ಕ, ಪಾಂಡಿಯಮ್ಮನ ತಲೆಗೆ ದಿಂಬಾಗಿ ಇಟ್ಟು ಅಲ್ಲೇ ಕೂತಳು. ಊರಲ್ಲಿ ಎಷ್ಟು ಜನ ದೊಡ್ಡವರು ಕುರ್ಚಿ ಬಿಡುವುದನ್ನು ಅಮಲಿ ನೋಡಿರಲಿಲ್ಲ! ಯಾರಾದರೂ ಎಳೆದು ಇಳಿಸಬೇಕು, ಇಲ್ಲವೇ ಹೊತ್ತು ಇಳಿಸಬೇಕು. ಅತ್ತೆ ಬಸ್ಸಿನಲ್ಲಿ ಬಸುರಿಗೆ ಸೀಟು ಬಿಟ್ಟುಕೊಟ್ಟಷ್ಟು ಸಲೀಸಾಗಿ ಎದ್ದು ಬಂದಿದ್ದಳು.

"ನಾಳೆಯಿಂದ ನಾನೂ ಪಾಚಿ ಕೀಳೋಳೆ. ಕಿವಿ ಹೋಗಿದೆ, ಕೈ ಹೋಗಿಲ್ಲ. ಹಲಗೆ ಮೇಲೆ ಯಾರು ಕೂರ್ತೀರಿ, ಹೇಳಿ."

ಎಲ್ಲರೂ ಮುತ್ತುರಾಕುವಿನ ಕಡೆ ನೋಡಿದರು. ವಯಸ್ಸಿನಲ್ಲಿ ಅವಳೇ ಮುಂದಿನವಳು. ಮುತ್ತುರಾಕು ಎರಡೂ ಕೈ ಜೋಡಿಸಿದಳು. "ನನ್ನ ಬಿಟ್ಬಿಡಿ ತಾಯಂದ್ರಾ. ನಂಗಿರೋದು ಬಾಯಿ. ನಾನೇ ಮಾತಾಡ್ತಾ ಇದ್ರೆ ನಿಮ್ ಕೂಗು ಯಾವಾಗ ಕೇಳಿಸ್ಕೊಳ್ಳಲಿ? ಇವತ್ತು ಪಾಂಡಿಯಮ್ಮನ ಕೂಗು ಇಲ್ಲ ಅಂತ ಯಾರಿಗೆ ಗೊತ್ತಾಯ್ತು? ನಂಗೆ ಗೊತ್ತಾಗ್ಲಿಲ್ಲ. ಈ ಹ್ಞೂಂಗೆ ಗೊತ್ತಾಯ್ತು. ಅವಳೇ ಕೂರ್ಲಿ. ಅಮಲಿ ಕೂರ್ತಾಳೆ ಕಣಕ್ಕಾ, ಅವಳು ಸರಿ ಅಂತಾಳೆ."

"ಅವಳ ಬದ್ಲು ನೀನು ಹೇಳ್ಬೇಡ," ಅಂದಳು ಸೂಸೈಯಮ್ಮ.

ದೋಣಿಯಲ್ಲಿದ್ದವರೆಲ್ಲ ಕಾದರು. ಅಂದೋಣಿ ಕೂಡ ಬೀಡಿ ಬಾಯಲ್ಲೇ ಇಟ್ಟುಕೊಂಡು ಕಾದ. ಅಮಲಿಯ ನಾಲಿಗೆಯ ತುದಿಗೆ ಆ ಹಳೆಯ ಸರಿ ಬಂದು ನಿಂತಿತ್ತು. ಎಷ್ಟು ಸುಲಭದ ಮಾತದು! ಹೇಳಿದರೆ ಕೆಲಸ ಮುಗಿಯಿತು, ಉಳಿದದ್ದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಅದನ್ನು ಅವಳು ನುಂಗಿದಳು.

"ಕೂರ್ತೀನಿ," ಅಂದಳು. ಎಲ್ಲರಿಗೂ ಕೇಳಿಸಿತು. "ಮಧುರೈಗೆ ಈ ವರ್ಷ ಹೋಗಲ್ಲ. ಅಪ್ಪಂಗೆ ನಾನೇ ಹೇಳ್ತೀನಿ. ಆದ್ರೆ ಇನ್ಮೇಲೆ ಕೈ ಎತ್ತೋದು ಬೇಡ. ಎಲ್ರೂ ಕೂಗ್ಬೇಕು. ಅತ್ತೇನೂ ಕೂಗ್ಬೇಕು."

ಪಾಂಡಿಯಮ್ಮ ಅತ್ತೆಯ ಅಂಗೈ ಒತ್ತಿ, ತುಟಿಯಾಡಿಸಿ ಆ ಮಾತನ್ನು ತಿಳಿಸಿದಳು. "ನಾನು ಕರೆದು ಕರೆದು ನನ್ನ ಕೂಗೇ ಮರ್ತಿದ್ದೀನಲ್ಲೇ," ಎಂದು ಸೂಸೈಯಮ್ಮ ಆ ದಿನ ಮೊದಲ ಸಲ ನಕ್ಕಳು.

ಅಪ್ಪನಿಗೆ ಹೇಳಿದ್ದು ಅದೇ ಸಂಜೆ. ಅವ್ವ "ನಾನು ನಿಧಾನವಾಗಿ ಹೇಳ್ತೀನಿ, ನೀನು ಒಳಗಿರು" ಅಂದಳು. ಅಮಲಿ ಒಳಗಿರಲಿಲ್ಲ. ಅಪ್ಪ ಮುಖ ಊದಿಸಿ, "ನಿಂಗೆ ಮಾತು ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು," ಎಂದು ಎದ್ದು ಹೋದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮಾರನೆಯ ಬೆಳಿಗ್ಗೆ ಅವಳ ಗಂಜಿಪಾತ್ರೆಯನ್ನು ದಡದವರೆಗೆ ಅವನೇ ಹಿಡಿದು ತಂದ.

ಹಲಗೆ ಒದ್ದೆಯಾಗಿ ತಣ್ಣಗಿತ್ತು. ಗಾಳಿ ಇಳಿದಿತ್ತು. ಅತ್ತೆ ನೀರಿಗೆ ಇಳಿಯುವ ಮೊದಲು ಈಜುಗನ್ನಡಕಕ್ಕೆ ಉಗುಳು ಸವರಿ, ಹುಡುಗಿಯ ಹಾಗೆ ಕಾಲು ಬಡಿದು ಹಾರಿದಳು. ಕರೆದದ್ದು ಅವಳಿಗೆ ತಿಳಿಯಲೆಂದು ಒಂದು ಕೋಲಿಗೆ ಪಾಂಡಿಯಮ್ಮನ ಹಳದಿ ಬಟ್ಟೆಯನ್ನೇ ಕಟ್ಟಿದ್ದರು. ಬಿಸಿಲು ಏರಿದಾಗ ಅಮಲಿ ಕೋಲು ಎತ್ತಿ ಕರೆದಳು. ಏಲೇ ಅವಳಿಗೆ ಬರಲಿಲ್ಲ. ಬಂದದ್ದು ನಿನ್ನೆಯದೇ.

"ಅತ್ತೇಏಏ!"

"ಬಂತಪ್ಪಾ ಕೂಗು!" ಎಂದು ಮುತ್ತುರಾಕು ನಕ್ಕು, ಆಮೇಲೆ ಮೊಟ್ಟೆಯಿಟ್ಟಳು. ಸೀಟಿ, ಅಮ್ಮ, ಒಂದೊಂದಾಗಿ ಬಂದವು. ದಡದಲ್ಲೇ ಉಳಿ ಎಂದರೂ ಕೇಳದೆ ಬಂದಿದ್ದ ಪಾಂಡಿಯಮ್ಮ ಮೂರಕ್ಕೆ ನಾಲ್ಕು ಬಂದೆ ಕೂಗಿದಳು. ಯಾರ ಕೈಯೂ ನೀರಿನಿಂದ ಮೇಲೇಳಲಿಲ್ಲ.

ಒಂದು ಕೂಗು ಉಳಿದಿತ್ತು. ಅಮಲಿ ಕಣ್ಣು ಮುಚ್ಚಿ ಕಾದಳು. ಕಣ್ಣು ತೆರೆದಿದ್ದರೆ ಕಂಡದ್ದನ್ನೇ ಕೇಳಿಸಿತು ಅಂದುಕೊಂಡೇನು ಎಂಬ ಭಯ ಅವಳಿಗೆ. ನೀರು ಬಡಿಯಿತು, ದೂರದಲ್ಲಿ ರೈಲು ಸೇತುವೆ ದಾಟಿತು. ಆಮೇಲೆ ಬಂಡೆಗಳ ಆಚೆಯಿಂದ, ಯಾರೂ ಎಂದೂ ಕೇಳಿರದ ಒಂದು ದನಿ ಬಂತು. ಸಣ್ಣದು, ಎಳೆಯದು, ಕೊನೆಯಲ್ಲಿ ನಗು ತಡೆಯಲಾರದ್ದು. ಮದುವೆಗೆ ಮುಂಚೆ, ಹುಡುಗಿಯಾಗಿದ್ದಾಗ, ಅತ್ತೆ ದಡದಲ್ಲಿ ಗೆಳತಿಯರನ್ನು ಆಟಕ್ಕೆ ಕರೆಯುತ್ತಿದ್ದದ್ದು ಹಾಗೆಯೇ ಇರಬೇಕು.

"ಆಯ್ತು," ಅಂದಳು ಅಮಲಿ.